ಓಫೀರಿನ ಬಂಗಾರವೂ ಹಳ್ಳೂರಿನ ಅವರೆಯೂ

ಪ್ರಾಚೀನ ಕಡಲ ವ್ಯಾಪಾರದ ಮಾತು ಬಂದೊಡನೆ ವೇದಶಾಸ್ತ್ರದ ವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವುದು ಓಫೀರ್. ಸೊಲೊಮೋನನ ಹಡಗುಗಳು ಅಲ್ಲಿಂದ ಬಂಗಾರ ತಂದವೆಂದು ಅರಸುಗಳ ಮೊದಲನೆಯ ಗ್ರಂಥ ತಿಳಿಸುತ್ತದೆ. ಅದೇ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ನವಿಲುಗಳನ್ನು ಸೂಚಿಸುವ ಇಬ್ರಿಯ ಶಬ್ದಕ್ಕೂ ತಮಿಳಿನ ‘ತೋಕೈ’ಗೂ ನಂಟಿದೆಯೆಂದು, ಮುಂದೆ ಬಿಷಪರಾದ ರಾಬರ್ಟ್ ಕಾಲ್ಡ್‌ವೆಲ್ ತಮ್ಮ ದ್ರಾವಿಡ ವ್ಯಾಕರಣದಲ್ಲಿ ವಾದಿಸಿದರು. ಆ ಒಂದು ಶಬ್ದವನ್ನೇ ನೆಚ್ಚಿ ಓಫೀರನ್ನು ನಮ್ಮ ಪಶ್ಚಿಮ ಕರಾವಳಿಗೆ ಎಳೆತರುವ ಉತ್ಸಾಹವನ್ನು ನಾವು ಒಪ್ಪಲಾರೆವು. ಕಡಲಾಚೆಯ ನಂಟಿಗೆ ಅದಕ್ಕಿಂತ ಹಳೆಯದಾದ, ಗಟ್ಟಿಯಾದ ಸಾಕ್ಷಿ ತಡಸ, ಹಾನಗಲ್ಲ, ಹಿರೇಕೆರೂರುಗಳ ಈ ಸೀಮೆಯ ಮಣ್ಣಿನಲ್ಲಿಯೇ ದೊರೆತಿದೆ. ಅದು ಬಂಗಾರವಲ್ಲ, ಕಾಳು.

ಹಿರೇಕೆರೂರು ಸೀಮೆಯಲ್ಲಿ ತುಂಗಭದ್ರೆಯ ದಡದಲ್ಲಿರುವ ಹಳ್ಳೂರನ್ನು 1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಉತ್ಖನನ ಮಾಡಿದರು. ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳು, ಕಲ್ಲಿನ ಅಲಗುಗಳು, ತಾಮ್ರದ ಪುಟ್ಟ ಕೊಡಲಿಗಳು, ಮೀನಿನ ಗಾಳಗಳು ಅಲ್ಲಿ ಹೊರಬಂದವು. ಆದರೆ ವಿದ್ವಾಂಸರ ಗಮನ ಮೊದಲು ಹರಿದದ್ದು ಕ್ರಿ.ಪೂ. ಸುಮಾರು 1000ದ ಕಬ್ಬಿಣದ ಕಡೆಗೆ, ಅನಂತರ ಕೆ. ಆರ್. ಆಲೂರರು ಗುರುತಿಸಿದ ಕುದುರೆಯ ಎಲುಬುಗಳ ಕಡೆಗೆ. ಆರ್ಯರ ಆಗಮನದ ವಾಗ್ವಾದಕ್ಕೆ ಆ ಎಲುಬುಗಳು ಇಂದಿಗೂ ಆಹಾರವಾಗಿವೆ. ಈ ಗದ್ದಲದಲ್ಲಿ ಒಲೆಯ ಬೂದಿಯನ್ನು ಕೇಳುವವರು ತಡವಾಗಿ ಬಂದರು. ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಹಳ್ಳೂರಿನ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಸುಟ್ಟ ಕಾಳುಗಳನ್ನು ಸೋಸಿ ಪರೀಕ್ಷಿಸಿದರು. ಹುರುಳಿ, ಹೆಸರು, ಕೊರಲೆ ಸಿಕ್ಕವು. ಇವು ಈ ನಾಡಿನವೇ. ಅವುಗಳ ಜೊತೆಗೆ ಅವರೆಯೂ ಸಜ್ಜೆಯೂ ಇದ್ದವು. ಇವೆರಡರ ಕಾಡುಮೂಲ ಆಫ್ರಿಕ.

ಸೊಲೊಮೋನನಿಗಿಂತ ಮೊದಲೇ, ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ, ಆಫ್ರಿಕದ ಬೆಳೆ ತುಂಗಭದ್ರೆಯ ದಡಕ್ಕೆ ಬಂದ ಬಗೆ ಹೇಗೆ? ನಡುವೆ ಇರುವುದು ಅರೇಬಿಯದ ಕಡಲತೀರ. ಮಸ್ಕತ್ತಿನ ಬಳಿಯ ರಾಸ್ ಅಲ್-ಹಮ್ರಾದ ಬೆಸ್ತರು ಸುಮಾರು ಆರು ಸಾವಿರ ವರ್ಷಗಳ ಹಿಂದೆಯೇ ಮುತ್ತಿನ ಚಿಪ್ಪನ್ನು ತೇಯ್ದು ಗಾಳ ಮಾಡುತ್ತಿದ್ದರು. ಒಮಾನಿನ ಪೂರ್ವತುದಿಯ ರಾಸ್ ಅಲ್-ಜಿನ್ಜ್‌ನಲ್ಲಿ ಶಂಖಜಾತಿಯ ಚಿಪ್ಪಿನಿಂದ ಉಂಗುರ ಕೊರೆಯುವ ಕಸುಬಿತ್ತು. ಸಿಂಧೂ ಕಣಿವೆಯ ಮಡಕೆಯ ಚೂರುಗಳೂ ಅಲ್ಲಿ ದೊರೆತಿವೆ. ಎಲ್ಲಕ್ಕಿಂತ ಅಮೂಲ್ಯವಾದವು ದೋಣಿಗಳಿಗೆ ಬಳಿದಿದ್ದ ಕಲ್ಲರಗಿನ ಮುನ್ನೂರಕ್ಕೂ ಹೆಚ್ಚು ತುಣುಕುಗಳು. ಅವುಗಳ ಒಂದು ಮಗ್ಗುಲಿನಲ್ಲಿ ಆಪಿನ ಕಂತೆಗಳ, ಹಗ್ಗಗಳ, ಚಾಪೆಗಳ ಅಚ್ಚು. ಇನ್ನೊಂದು ಮಗ್ಗುಲಿನಲ್ಲಿ ದೋಣಿಯ ತಳಕ್ಕೆ ಅಂಟುವ ಸಮುದ್ರದ ಚಿಪ್ಪುಜೀವಿಗಳು. ಮೋಶೆಯ ತಾಯಿ ಆಪಿನ ಪೆಟ್ಟಿಗೆಗೆ ರಾಳ ಹಚ್ಚಿದ್ದನ್ನು ಓದಿದವರಿಗೆ ಈ ಕಸುಬು ಹೊಸತೇನಲ್ಲ.

ಇಂಥ ದೋಣಿಗಳನ್ನು ಕಟ್ಟಿದವರು ಅರಸರಲ್ಲ. ನಿಕೋಲ್ ಬೋಯ್ವಿನ್ ಮತ್ತು ಫುಲ್ಲರ್ 2009ರಲ್ಲಿ ಮಂಡಿಸಿದ ವಾದವೂ ಇದೇ: ಬೆಳೆಗಳನ್ನು ಕಡಲು ದಾಟಿಸಿದವರಲ್ಲಿ ತೀರದ ಸಣ್ಣ ಸಮುದಾಯಗಳ ಪಾಲು ದೊಡ್ಡದು. ನಮಗೆ ಇದು ಒಪ್ಪಿಗೆಯಾಗಿದೆ. ಅರಮನೆಯ ಲೆಕ್ಕಪತ್ರಗಳಲ್ಲಿ ಬಂಗಾರ, ಗಂಧದ ಮರ, ದಂತ ದಾಖಲಾಗುತ್ತವೆ. ಬುತ್ತಿಯಲ್ಲಿ ಉಳಿದ ಹಿಡಿ ಕಾಳನ್ನು ಯಾವ ಲೇಖಕನೂ ಬರೆದಿಡಲಿಲ್ಲ. ಆದರೂ ಊರಿಂದೂರಿಗೆ ಬಿತ್ತನೆಯಾಗಿ ಮುಂದೆ ಸಾಗಿದ್ದು ಆ ಕಾಳೇ.

ಸಜ್ಜೆ ಮೊದಲು ಸೌರಾಷ್ಟ್ರದ ನೆಲೆಗಳಲ್ಲಿ ಕಾಣಿಸಿಕೊಳ್ಳುವುದರಿಂದ, ಅದು ಅಲ್ಲಿಂದ ದಖ್ಖನ್ನಿನ ಒಳದಾರಿಗಳಲ್ಲಿ ಹೊಲದಿಂದ ಹೊಲಕ್ಕೆ ಇಳಿದುಬಂದಿತೆಂದು ತಿಳಿಯುವುದು ಯುಕ್ತ. ತಡಸದಿಂದ ಮುಂಡಗೋಡ, ಶಿರಸಿಗಳ ಮೂಲಕ ಕುಮಟೆಗೆ ಇಳಿಯುವ ದಾರಿಯನ್ನು ನೋಡಿದವರಿಗೆ ಬೇರೆ ಊಹೆ ಹುಟ್ಟಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದಲೇ ಹಡಗೇರಿತು. ಆದರೆ ಹತ್ತಿಯ ದಾರಿಯನ್ನು ಮೂರು ಸಾವಿರ ವರ್ಷ ಹಿಂದಕ್ಕೆ ಎಳೆಯುವುದು ಓಫೀರಿನ ಉತ್ಸಾಹದಂಥದೇ. ಈ ಸೀಮೆಯ ರೊಟ್ಟಿಯ ಜೋಳಕ್ಕೂ ಆಫ್ರಿಕವೇ ತವರು. ಅದರ ಪಯಣ ಬೇರೊಂದು ಲೇಖನದ ವಸ್ತು.