ಒಂದೇ ರಸ್ತೆಯ ಎರಡು ಹಳೇ ಕಟ್ಟಡಗಳು

ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಕಡೆಯ ಹಿರಿಯರಿಗೆ 1956ರ ತನಕ ಹೈಕೋರ್ಟ್ ಅಂದರೆ ಮುಂಬೈ ಹೈಕೋರ್ಟ್. ಹೊಲದ ವ್ಯಾಜ್ಯ ಜಿಲ್ಲಾ ಕೋರ್ಟಿನಲ್ಲಿ ಮುಗಿಯದಿದ್ದರೆ ಕಾಗದಪತ್ರ ಅಲ್ಲಿಗೇ ಹೋಗಬೇಕಿತ್ತು. ಆ ಕೋರ್ಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಕಾಲಾ ಘೋಡಾ ಎಂಬ ಜಾಗವಿದೆ. ಅಲ್ಲಿ ಮಹಾತ್ಮ ಗಾಂಧಿ ರಸ್ತೆಯ ಮೇಲೆ ಅಕ್ಕಪಕ್ಕ ನಿಂತಿರುವ ಎರಡು ಕಟ್ಟಡಗಳ ಕಥೆಯನ್ನು ನಾವು ಇವತ್ತು ಹೇಳುತ್ತೇವೆ.

ಮೊದಲನೆಯದು ವಾಟ್ಸನ್ ಹೋಟೆಲ್. ಜಾನ್ ವಾಟ್ಸನ್ ಎಂಬ ಬಟ್ಟೆ ವ್ಯಾಪಾರಿ 1860ರ ದಶಕದ ಕೊನೆಯಲ್ಲಿ ಕಟ್ಟಿಸಿದ್ದು. ಕಬ್ಬಿಣದ ಕಂಬ, ತೊಲೆಗಳೆಲ್ಲ ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು. ಇಲ್ಲಿ ಅವನ್ನು ಜೋಡಿಸಿ ನಿಲ್ಲಿಸಿದರು. ಬಿಳಿಯರಿಗೆ ಮಾತ್ರ ಪ್ರವೇಶವಿದ್ದ ಹೋಟೆಲದು. 1896ರ ಜುಲೈ 7ರಂದು ಲೂಮಿಯೇ ಸಹೋದರರ ಸಿನಿಮಾ ಭಾರತದಲ್ಲಿ ಮೊದಲ ಸಲ ತೆರೆ ಕಂಡದ್ದು ಇಲ್ಲೇ. ಟಿಕೆಟ್ ಒಂದು ರೂಪಾಯಿ.

1903ರಲ್ಲಿ ತಾಜ್ ಹೋಟೆಲ್ ಶುರುವಾಯಿತು. ವಾಟ್ಸನ್‌ನ ವೈಭವ ಇಳಿಯಿತು, ಮುಂದೆ ಹೋಟೆಲ್ ಮುಚ್ಚಿತು. ಕಟ್ಟಡದ ಹೆಸರು ಎಸ್‌ಪ್ಲನೇಡ್ ಮ್ಯಾನ್ಷನ್ ಆಯಿತು. ದೊಡ್ಡ ಕೋಣೆಗಳಿಗೆ ಅಡ್ಡಗೋಡೆ ಹಾಕಿ ಬಾಡಿಗೆಗೆ ಕೊಟ್ಟರು. ಕೋರ್ಟು ಹತ್ತಿರವಿದ್ದದ್ದರಿಂದ ವಕೀಲರ ಕಚೇರಿಗಳು ಬಂದವು. ಸಣ್ಣ ಅಂಗಡಿ, ವಾಸದ ಮನೆಗಳೂ ಬಂದವು. ಕೆಲಸ ಬದಲಾದರೂ ಕಟ್ಟಡ ಜನರಿಗೆ ಅನ್ನ ಕೊಡುತ್ತಲೇ ಇತ್ತು.

ತೊಂದರೆಯಾದದ್ದು ಬಾಡಿಗೆ ಲೆಕ್ಕದಲ್ಲಿ. ಮುಂಬೈಯ 1947ರ ಬಾಡಿಗೆ ಕಾಯ್ದೆ ಹಳೇ ಕಟ್ಟಡಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಬಡ ಬಾಡಿಗೆದಾರರು ಬೀದಿಗೆ ಬೀಳಬಾರದು ಎಂಬ ಒಳ್ಳೇ ಉದ್ದೇಶವೇ. ಆದರೆ ಸಿಮೆಂಟು, ಕಬ್ಬಿಣ, ಕೂಲಿ ಏರುತ್ತಲೇ ಹೋಯಿತು. ಬರುವ ಬಾಡಿಗೆ ರಿಪೇರಿಗೆ ಸಾಲದು ಅನ್ನುವುದು ಮಾಲೀಕರ ಮಾತು. ಕಟ್ಟಡ ನಮ್ಮದಲ್ಲ, ನಾವ್ಯಾಕೆ ಖರ್ಚು ಮಾಡಬೇಕು ಅನ್ನುವುದು ಬಾಡಿಗೆದಾರರ ಮಾತು. ಪಾಲಾಗದ ಮನೆಯ ಸೂರು ಅಣ್ಣತಮ್ಮಂದಿರ ನಡುವೆ ಸೋರುವ ಹಾಗೆ, ಕಬ್ಬಿಣ ತುಕ್ಕು ಹಿಡಿಯಿತು. 2005ರಲ್ಲಿ ಬಾಲ್ಕನಿಗಳ ಒಂದು ಭಾಗ ಕುಸಿಯಿತು. 2019ರಲ್ಲಿ ಉಳಿದವರನ್ನೂ ಖಾಲಿ ಮಾಡಿಸಿದರು. ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ಕೋರ್ಟು ಮೆಟ್ಟಿಲೇರಿತು.

ಪಕ್ಕದ್ದು ಆರ್ಮಿ ಅಂಡ್ ನೇವಿ ಕಟ್ಟಡ. ಬ್ರಿಟಿಷ್ ಸೇನೆಯ ಅಧಿಕಾರಿಗಳ ಕುಟುಂಬಗಳಿಗೆ ಸಾಮಾನು ಮಾರುತ್ತಿದ್ದ ಸಹಕಾರಿ ಅಂಗಡಿ. ಅದರ ಕಾಲವೂ ಮುಗಿಯಿತು. ಆದರೆ ಅದು ಹೋಟೆಲಿನ ಹಾಗೆ ಕೋಣೆ ಕೋಣೆಯಾಗಿ ಹಂಚಿಹೋಗಲಿಲ್ಲ. ಮುಂದೆ ಟಾಟಾ ಸಮೂಹದ ಕಚೇರಿಗಳು ಬಂದವು, ಕೆಳಗೆ ಬಟ್ಟೆ ಅಂಗಡಿ ಬಂತು. ಕಟ್ಟಡ ಗಟ್ಟಿಯಾಗಿ ನಿಂತಿದೆ.

ಎರಡೂ ಕಟ್ಟಡಗಳು ಮೊದಲಿನ ಕಸುಬು ಬಿಟ್ಟವು. ಅದರಿಂದ ಯಾವುದೂ ಹಾಳಾಗಲಿಲ್ಲ. ಒಂದಕ್ಕೆ ರಿಪೇರಿ ನನ್ನ ಜವಾಬ್ದಾರಿ ಅನ್ನುವವರು ಇದ್ದರು, ಇನ್ನೊಂದಕ್ಕೆ ಇರಲಿಲ್ಲ.

ನಮ್ಮ ತಾಲೂಕು ಪೇಟೆಗಳಲ್ಲೂ ಮುಚ್ಚಿದ ಟಾಕೀಸು ಕಲ್ಯಾಣ ಮಂಟಪವಾಗುತ್ತಿದೆ, ಹಳೇ ಗಿರಣಿ ಗೋದಾಮಾಗುತ್ತಿದೆ. ಆಗಲಿ, ಒಳ್ಳೆಯದೇ. ನೀವು ಅಂಥ ಕಟ್ಟಡದಲ್ಲಿ ಮಳಿಗೆ ಹಿಡಿಯುವುದಾದರೆ ಬಾಡಿಗೆ ಎಷ್ಟು ಎಂದು ಕೇಳುವ ಜೊತೆಗೆ, ಸೂರು ಸೋರಿದರೆ ರಿಪಡಿಸುವವರು ಯಾರು ಎಂಬುದನ್ನೂ ಕರಾರು ಪತ್ರದಲ್ಲಿ ಬರೆಸಿಕೊಳ್ಳಿ.