ಹಡಗಿನೊಡನೆ ಉಳಿದವರು

1805ರ ಅಕ್ಟೋಬರ್ 21ರ ಮಧ್ಯಾಹ್ನ. ಸ್ಪೇನಿನ ಟ್ರಫಾಲ್ಗರ್ ಭೂಶಿರದಾಚೆ ಕಡಲು ಯುದ್ಧದ ಹೊಗೆಯಲ್ಲಿ ಮುಳುಗಿತ್ತು. ‘ವಿಕ್ಟರಿ’ ಹಡಗಿನ ಒಡಲಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಸೂರ್ಯನ ಬೆಳಕು ಎಂದೂ ಇಣುಕದ ಅಂತಸ್ತಿನಲ್ಲಿ, ಕಂದೀಲಿನ ಮಿಣುಕು ಬೆಳಕಿನಲ್ಲಿ ಬ್ರಿಟಿಷ್ ಅಡ್ಮಿರಲ್ ನೆಲ್ಸನ್ ಕೊನೆಯ ಉಸಿರೆಳೆಯುತ್ತಿದ್ದ. ಎಡಭುಜದಲ್ಲಿ ಹೊಕ್ಕ ಗುಂಡು ಬೆನ್ನುಹುರಿಯನ್ನು ಸೀಳಿತ್ತು. ಪಾದ್ರಿ ಅಲೆಕ್ಸಾಂಡರ್ ಸ್ಕಾಟ್ ಅವನ ಎದೆ ನೀವುತ್ತಿದ್ದ. ಹಡಗಿನ ಉಗ್ರಾಣ ನೋಡಿಕೊಳ್ಳುವ ಪರ್ಸರ್ ವಾಲ್ಟರ್ ಬರ್ಕ್, ಮಲಗಿದರೆ ಉಸಿರು ಕಟ್ಟುತ್ತದೆಂದು ಹಾಸಿಗೆಯ ತಲೆಭಾಗವನ್ನು ತಾಸುಗಟ್ಟಲೆ ಎತ್ತಿ ಹಿಡಿದು ಕುಳಿತಿದ್ದ. ಶಸ್ತ್ರವೈದ್ಯ ವಿಲಿಯಂ ಬೀಟಿ ಒಬ್ಬ ಗಾಯಾಳುವಿನಿಂದ ಇನ್ನೊಬ್ಬನೆಡೆಗೆ ಓಡಾಡುತ್ತ, ನಡುನಡುವೆ ಬಂದು ಅಡ್ಮಿರಲನ ನಾಡಿ ಹಿಡಿದು ನೋಡುತ್ತಿದ್ದ. ಮೇಲೆ ಚುಕ್ಕಾಣಿಯ ಚಕ್ರ ಗುಂಡೇಟಿಗೆ ಪುಡಿಯಾಗಿತ್ತು. ಹಡಗು ನಡೆಸುವ ಮಾಸ್ಟರ್ ಥಾಮಸ್ ಅಟ್ಕಿನ್ಸನ್, ಮೊದಲ ಲೆಫ್ಟಿನೆಂಟನ ಜೊತೆ ಸರದಿಯ ಮೇಲೆ, ಕೆಳಗಿನ ಅಂತಸ್ತಿನಿಂದಲೇ ಹಡಗನ್ನು ತಿರುಗಿಸುತ್ತಿದ್ದ.

ಪಾದ್ರಿ, ಪರ್ಸರ್, ವೈದ್ಯ, ಮಾಸ್ಟರ್. ಈ ನಾಲ್ವರಲ್ಲಿ ಒಬ್ಬನ ಕೈಯಲ್ಲೂ ಅರಸನ ಸನ್ನದು ಇರಲಿಲ್ಲ. ಇದ್ದದ್ದು ವಾರಂಟು.

ವಾರಂಟು ಎಂದೊಡನೆ ನಮಗೆ ನೆನಪಾಗುವುದು ಪೊಲೀಸರು ಮನೆ ಬಾಗಿಲಿಗೆ ತರುವ ಕಾಗದ. ಬ್ರಿಟಿಷ್ ನೌಕಾಪಡೆಯಲ್ಲಿ ಅದರ ಅರ್ಥವೇ ಬೇರೆ. ಯುದ್ಧಕ್ಕೆ ಆಜ್ಞೆ ಕೊಡಬಲ್ಲ ಲೆಫ್ಟಿನೆಂಟ್, ಕ್ಯಾಪ್ಟನ್, ಅಡ್ಮಿರಲರಿಗೆ ಸಿಗುತ್ತಿದ್ದದ್ದು ಸನ್ನದು. ಅಂಥವರಿಗೆ ಕಮಿಷನ್ಡ್ ಅಧಿಕಾರಿಗಳೆಂದು ಹೆಸರು. ಹಡಗು ಕಟ್ಟಿಸಿ, ಸಾಮಗ್ರಿ ಒದಗಿಸುತ್ತಿದ್ದ ನೇವಿ ಬೋರ್ಡಿನಂಥ ಕಚೇರಿಗಳು ಕಸಬು ಬಲ್ಲವರಿಗೆ ಕೊಡುತ್ತಿದ್ದ ನೇಮಕಪತ್ರವೇ ವಾರಂಟು. ಒಂದು ಕಾಗದ ಹುಟ್ಟು, ಪರಿಚಯ, ಧೈರ್ಯಗಳಿಗೆ. ಇನ್ನೊಂದು ಕೈಗೆ ಹತ್ತಿದ ವಿದ್ಯೆಗೆ. ಈ ಎರಡು ಕಾಗದಗಳ ನಡುವಿನ ಅಂತರ ತುಂಬಲು ಶತಮಾನಗಳೇ ಹಿಡಿದವು. ನನಗೆ ಇಂಗ್ಲಿಷರ ಸೇನಾ ಇತಿಹಾಸದಲ್ಲಿ ಅತ್ಯಂತ ಮನಸ್ಸಿಗೆ ಹತ್ತಿರವಾದ ಅಧ್ಯಾಯ ಅದು.

ಅದರ ಬೇರು ಮಧ್ಯಯುಗದಲ್ಲಿದೆ. ಆಗ ಇಂಗ್ಲೆಂಡಿನ ಅರಸರಿಗೆ ದೊಡ್ಡ ನೌಕಾಪಡೆ ಇರಲಿಲ್ಲ. ಯುದ್ಧ ಬಂದಾಗ ವರ್ತಕರ ಹಡಗುಗಳನ್ನು ಎಳೆದು ತಂದು, ಅವುಗಳಲ್ಲಿ ಸರದಾರರನ್ನೂ ಸೈನಿಕರನ್ನೂ ತುಂಬುತ್ತಿದ್ದರು. ಸರದಾರನಿಗೆ ಕತ್ತಿ ಗೊತ್ತು, ಕಡಲು ಗೊತ್ತಿಲ್ಲ. ಗಾಳಿ ಎತ್ತಣಿಂದ ಬೀಸುತ್ತದೆ, ಬಂಡೆ ಎಲ್ಲಿ ಅಡಗಿದೆ, ಹಾಯಿ ಯಾವಾಗ ಇಳಿಸಬೇಕು ಎಂಬುದೆಲ್ಲ ತಿಳಿದಿದ್ದವರು ಹಡಗಿನ ಮಾಸ್ಟರ್, ಹಗ್ಗ ಹಾಯಿಗಳ ಯಜಮಾನನಾದ ಬೋಸನ್, ಬಡಗಿ, ಅಡುಗೆಯವ. ಮುಂದೆ ತೋಪುಗಳು ಬಂದ ಮೇಲೆ ಗನ್ನರ್ ಸೇರಿಕೊಂಡ. ಆಳುವವನೊಬ್ಬ, ನಡೆಸುವವನೊಬ್ಬ ಎಂಬ ಏರ್ಪಾಡು ಹೀಗೆ ಹುಟ್ಟಿತು.

ಅವರಲ್ಲಿ ಬೋಸನ್, ಗನ್ನರ್, ಬಡಗಿ ಈ ಮೂವರಿಗೆ ಇನ್ನೊಂದು ವಿಶೇಷವಿತ್ತು. ಯುದ್ಧ ಮುಗಿದು ಹಡಗನ್ನು ಬಂದರಿನಲ್ಲಿ ಕಟ್ಟಿ ಹಾಕಿದಾಗ ಕ್ಯಾಪ್ಟನ್ ಅರ್ಧ ಸಂಬಳದ ಮೇಲೆ ಮನೆಗೆ ಹೋಗುತ್ತಿದ್ದ. ನಾವಿಕರು ಸಂಬಳ ಎಣಿಸಿಕೊಂಡು ಊರು ಸೇರುತ್ತಿದ್ದರು. ತೋಪು ಇಳಿದು, ಕೂವೆಮರ ಕಳಚಿ, ಬೋಳಾಗಿ ನಿಂತ ಹಡಗಿನಲ್ಲಿ ಈ ಮೂವರು ಉಳಿಯುತ್ತಿದ್ದರು. ಅವರಿಗೆ ‘ಸ್ಟ್ಯಾಂಡಿಂಗ್ ಆಫೀಸರ್ಸ್’ ಎಂದೇ ಹೆಸರು, ಅಂದರೆ ಹಡಗಿಗೆ ಅಂಟಿದ ಕಾಯಂ ಅಧಿಕಾರಿಗಳು. ಎಷ್ಟೋ ಹಡಗುಗಳಲ್ಲಿ ಅವರ ಹೆಂಡತಿ ಮಕ್ಕಳೂ ಅಲ್ಲೇ ಸಂಸಾರ ಹೂಡುತ್ತಿದ್ದರು. ಎಲ್ಲಿ ನೀರು ಜಿನುಗುತ್ತದೆ, ಯಾವ ತೊಲೆ ಹುಳುಕು ಹಿಡಿದಿದೆ, ಯಾವ ಹಗ್ಗ ಮುಂದಿನ ಬಿರುಗಾಳಿ ತಡೆಯಲಾರದು ಎಂಬುದು ಅವರಿಗೆ ಗೊತ್ತು. ನಮ್ಮಲ್ಲೂ ಹಾಗೆಯೇ: ಅಮಲ್ದಾರರು ವರ್ಗವಾಗಿ ಬಂದು ಹೋಗುತ್ತಿದ್ದರು, ಊರಿನ ಹೊಲದ ಬದು ಬದುವೂ ಗೊತ್ತಿದ್ದದ್ದು ಅಲ್ಲೇ ಇದ್ದ ಶಾನುಭೋಗರಿಗೆ. ಹಳೆಯ ಮೈಸೂರು ಕಂಡವರಿಗೆ ಈ ಸಂಬಂಧವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲರೂ ಒಳ್ಳೆಯವರೇ ಆಗಿದ್ದರೆಂದಲ್ಲ. ಪರ್ಸರನ ಕತೆಯನ್ನು ನೋಡಿ. ಅವನಿಗೆ ಸಂಬಳ ಅತ್ಯಲ್ಪ. ಮೇಲಾಗಿ ನೇಮಕಕ್ಕೆ ಮುಂಚೆ ಜಾಮೀನು ಕಟ್ಟಬೇಕಿತ್ತು. ಉಗ್ರಾಣದಲ್ಲಿ ಕೊಳೆತದ್ದು, ಸೋರಿದ್ದು, ಇಲಿ ತಿಂದದ್ದು ಎಲ್ಲ ಅವನ ತಲೆಯ ಮೇಲೆ. ಅದನ್ನು ತುಂಬಿಕೊಳ್ಳಲೆಂದು 16 ಔನ್ಸಿನ ಪೌಂಡಿನಲ್ಲಿ 2 ಔನ್ಸ್ ಮುರಿದುಕೊಂಡು 14 ಔನ್ಸ್ ಮಾತ್ರ ಅಳೆದು ಕೊಡುವ ವಾಡಿಕೆ ಬೆಳೆಯಿತು. ನಾವಿಕರು ಅದನ್ನು ‘ಪರ್ಸರನ ಪೌಂಡು’ ಎಂದು ಹಲ್ಲು ಕಡಿಯುತ್ತ ಕರೆದರು. 1797ರಲ್ಲಿ ಸ್ಪಿಟ್‌ಹೆಡ್ಡಿನಲ್ಲಿ ನೌಕಾಪಡೆಯೇ ಲಂಗರು ಎತ್ತಲು ಒಪ್ಪದೆ ನಿಂತಾಗ, ಸಂಬಳ ಹೆಚ್ಚಿಸಿ ಎಂಬುದರ ಜೊತೆಗೇ ನಮ್ಮ ಪೌಂಡಿಗೆ ಪೂರಾ 16 ಔನ್ಸ್ ಕೊಡಿ ಎಂಬ ಬೇಡಿಕೆಯೂ ಇತ್ತು. ಅದು ಈಡೇರಿತು ಕೂಡ. ತಕ್ಕಡಿ ತಪ್ಪಿಸಿದವನು ಪರ್ಸರನೇ ಹೌದು. ಆದರೆ ನಷ್ಟವನ್ನೆಲ್ಲ ಅವನ ಜೇಬಿಗೆ ಕಟ್ಟಿದ್ದ ಸರ್ಕಾರದ ಪಾಲು ಅದರಲ್ಲಿ ಕಡಿಮೆಯೇನಲ್ಲ. ಎಂಟು ವರ್ಷ ಕಳೆದು ನೆಲ್ಸನ್ನನ ತಲೆ ಎತ್ತಿ ಹಿಡಿದ ಬರ್ಕ್‌ ಕೂಡ ಅದೇ ಕಸಬಿನವನು.

ಬಡಗಿಗೆ ಇಂಥ ಅಪವಾದ ಇರಲಿಲ್ಲ. 1798ರ ನೈಲ್ ಕದನದಲ್ಲಿ ‘ಲೋರಿಯಾಂ’ ಎಂಬ ದೊಡ್ಡ ಫ್ರೆಂಚ್ ಹಡಗು ಸ್ಫೋಟಿಸಿ ಚೂರಾದಾಗ ಅದರ ಕೂವೆಮರದ ತುಂಡೊಂದನ್ನು ‘ಸ್ವಿಫ್ಟ್‌ಶೂರ್’ ಹಡಗಿನವರು ನೀರಿನಿಂದ ಎತ್ತಿಕೊಂಡರು. ಕ್ಯಾಪ್ಟನ್ ಹ್ಯಾಲೊವೆಲ್ ತನ್ನ ಬಡಗಿಯನ್ನು ಕರೆದು ಅದರಿಂದ ಶವಪೆಟ್ಟಿಗೆ ಮಾಡಿಸಿ, ಮರುವರ್ಷ ಗೆಳೆಯ ನೆಲ್ಸನ್ನನಿಗೆ ಕಾಣಿಕೆ ಕಳಿಸಿದ. ನೆಲ್ಸನ್ ಅದನ್ನು ಸಂತೋಷದಿಂದಲೇ ಇಟ್ಟುಕೊಂಡ. ಕೊನೆಗೆ ಅವನ ದೇಹವನ್ನು ಇಟ್ಟದ್ದೂ ಅದರಲ್ಲೇ.

ಮಾಸ್ಟರ್‌ಗಳ ಸಾಲಿನಲ್ಲಿ ಜಗತ್ತಿಗೆ ಗೊತ್ತಿರುವ ಹೆಸರು ಜೇಮ್ಸ್ ಕುಕ್. ಯಾರ್ಕ್‌ಷೈರಿನ ಕೂಲಿಯೊಬ್ಬನ ಮಗ. 1757ರಲ್ಲಿ ಟ್ರಿನಿಟಿ ಹೌಸಿನ ಪರೀಕ್ಷೆ ಪಾಸು ಮಾಡಿ ಮಾಸ್ಟರ್ ಆದ. 1759ರಲ್ಲಿ ಕ್ವಿಬೆಕ್ ಮುತ್ತಿಗೆಯ ಹೊತ್ತಿಗೆ ಸೇಂಟ್ ಲಾರೆನ್ಸ್ ನದಿಯ ಆಳ ಅಳೆದು ನಕಾಶೆ ಬರೆದವರಲ್ಲಿ ಅವನೂ ಒಬ್ಬ. ಸನ್ನದು ಕೈಗೆ ಬಂದು ಲೆಫ್ಟಿನೆಂಟ್ ಆದದ್ದು 1768ರಲ್ಲಿ, ‘ಎಂಡೆವರ್’ ಹಡಗಿನಲ್ಲಿ ಪೆಸಿಫಿಕ್‌ಗೆ ಹೊರಡುವ ಮುಂಚೆ. ಅವನ ಕೊನೆಯ ಯಾನದಲ್ಲಿ ‘ರೆಸೊಲ್ಯೂಷನ್’ ಹಡಗಿಗೆ ಮಾಸ್ಟರ್ ಆಗಿದ್ದವನು 21 ವರ್ಷದ ವಿಲಿಯಂ ಬ್ಲೈ. ಹೌದು, ‘ಬೌಂಟಿ’ಯ ದಂಗೆಯ ಆ ಬ್ಲೈ.

1789ರ ಏಪ್ರಿಲ್ 28ರಂದು ‘ಬೌಂಟಿ’ಯಲ್ಲಿ ದಂಗೆ ಎದ್ದವರು ಹಡಗಿನ ಮುಖ್ಯಸ್ಥನಾಗಿದ್ದ ಬ್ಲೈನನ್ನು 23 ಅಡಿಯ ದೋಣಿಗೆ ಇಳಿಸಿದರು. ಅವನ ಜೊತೆ ದೋಣಿ ಹತ್ತಿದವರು 18 ಮಂದಿ. ಮಾಸ್ಟರ್ ಫ್ರಯರ್, ಬೋಸನ್ ಕೋಲ್, ಗನ್ನರ್ ಪೆಕೊವರ್, ಬಡಗಿ ಪರ್ಸೆಲ್, ನಾಲ್ವರೂ ಅವರಲ್ಲಿದ್ದರು. ಫ್ರಯರ್‌ಗೂ ಪರ್ಸೆಲ್‌ಗೂ ಬ್ಲೈ ಮೇಲೆ ಪ್ರೀತಿಯೇನೂ ಇರಲಿಲ್ಲ. ಯಾನದುದ್ದಕ್ಕೂ ಅವನೊಡನೆ ಜಗಳವಾಡಿದವರೇ ಅವರು. ಆದರೂ ದೋಣಿ ಹತ್ತಿದರು. ಪರ್ಸೆಲ್ ತನ್ನ ಉಪಕರಣದ ಪೆಟ್ಟಿಗೆ ಬಿಟ್ಟು ಬರಲು ಒಪ್ಪಲಿಲ್ಲ. ಕೊಡಬೇಡಿ, ಅದು ಸಿಕ್ಕರೆ ಇವರು ಇನ್ನೊಂದು ಹಡಗನ್ನೇ ಕಟ್ಟಿಯಾರು ಎಂದು ದಂಗೆಕೋರರಲ್ಲೇ ವಾದ ಎದ್ದು, ಕೊನೆಗೆ ಪೆಟ್ಟಿಗೆ ದೋಣಿಗಿಳಿಯಿತು. ಆಸ್ಟ್ರೇಲಿಯಾದ ಕರಾವಳಿಯಾಚೆಯ ದ್ವೀಪವೊಂದರಲ್ಲಿ, ಹಸಿವೆಯಿಂದ ಎಲುಬಿನ ಹಂದರವಾಗಿದ್ದ ಹೊತ್ತಿನಲ್ಲೂ, ಬ್ಲೈ ಮತ್ತು ಪರ್ಸೆಲ್ ಮಾತಿಗೆ ಮಾತು ಬೆಳೆದು, ಬ್ಲೈ ಕತ್ತಿ ಹಿಡಿದು ನೀನೂ ಒಂದು ಹಿಡಿ ಎಂದು ಬಡಗಿಯನ್ನು ಕೆಣಕಿದ. ಬಡಗಿ ತಗ್ಗಿದ. ಸುಮಾರು 6,700 ಕಿಲೋಮೀಟರ್ ತೆರೆದ ಕಡಲು ದಾಟಿ ಜೂನ್ 14ರಂದು ಅವರು ಟೈಮೋರಿನ ಕುಪಾಂಗ್ ಮುಟ್ಟಿದರು. ದಾರಿಯಲ್ಲಿ ಸತ್ತವನು ಒಬ್ಬನೇ, ಅದೂ ದ್ವೀಪವಾಸಿಗಳ ಕಲ್ಲೇಟಿಗೆ.

ಮನ್ನಣೆ ಮೆಲ್ಲಮೆಲ್ಲಗೆ ಬಂತು. ಸನ್ನದಿನ ಅಧಿಕಾರಿಗಳಿಗೆ 1748ರಲ್ಲೇ ಸಮವಸ್ತ್ರ ಗೊತ್ತಾಗಿದ್ದರೆ, ವಾರಂಟಿನವರಿಗೆ 1787ರವರೆಗೆ ಕಾಯಬೇಕಾಯಿತು. 1808ರಲ್ಲಿ ಮಾಸ್ಟರ್, ಪರ್ಸರ್, ವೈದ್ಯರನ್ನು ಲೆಫ್ಟಿನೆಂಟರ ಪಂಕ್ತಿಗೆ ಸಮನಾಗಿ ಕೂರಿಸಿದರು. 1843ರಲ್ಲಿ ಅವರಿಗೂ ಸನ್ನದು ಸಿಕ್ಕಿತು. ಬೋಸನ್, ಗನ್ನರ್, ಬಡಗಿಗಳು ವಾರಂಟಿನಲ್ಲೇ ಉಳಿದರು. 1949ರಲ್ಲಿ ನೌಕಾಪಡೆ ಆ ಹೆಸರನ್ನೇ ಕೈಬಿಟ್ಟು, 1980ರ ದಶಕದಲ್ಲಿ ಮತ್ತೆ ಕರೆದುಕೊಂಡಿತು.

ಭೂಸೇನೆಯ ಕತೆ ಬೇರೆ ದಾರಿಯದು. ಅಲ್ಲಿ ವಾರಂಟು ಔಪಚಾರಿಕವಾಗಿ ಬಂದದ್ದು 1879ರಲ್ಲಿ, ಮದ್ದುಗುಂಡು ದಾಸ್ತಾನು ನೋಡಿಕೊಳ್ಳುವ ‘ಕಂಡಕ್ಟರ್’ಗಳಿಗೆ. ನಮ್ಮ ನೆಲದಲ್ಲಿ ಕಂಪನಿ ಸರ್ಕಾರದ ತೋಪುಖಾನೆಗಳಲ್ಲಿ ಈ ಕಂಡಕ್ಟರ್‌ಗಳು ಅದಕ್ಕೂ ಎಷ್ಟೋ ಮೊದಲೇ ಇದ್ದರು. 1857ರ ಮೇ 11ರಂದು ದಿಲ್ಲಿಯ ಮದ್ದಿನ ಮನೆಯನ್ನು ಕಾಯುತ್ತಿದ್ದವರು ಒಂಬತ್ತೇ ಮಂದಿ. ಲೆಫ್ಟಿನೆಂಟ್ ವಿಲೋಬಿ ಅವರ ಮುಖ್ಯಸ್ಥ. ಕಂಪನಿಯ ವಿರುದ್ಧ ಎದ್ದು ಗೋಡೆ ಹತ್ತಿ ಬಂದ ಸಿಪಾಯಿಗಳನ್ನು ತಡೆಯಲಾರೆವೆಂದು ತಿಳಿದಾಗ ಕಂಡಕ್ಟರ್ ಬಕ್ಲಿ ಟೋಪಿ ಎತ್ತಿ ಸನ್ನೆ ಮಾಡಿದ. ಕಂಡಕ್ಟರ್ ಸ್ಕಲ್ಲಿ ಮದ್ದಿನ ಸಾಲಿಗೆ ಬೆಂಕಿ ತಾಗಿಸಿದ. ಸ್ಕಲ್ಲಿ ಅಲ್ಲೇ ಸತ್ತ. ಬಕ್ಲಿ ಬದುಕಿ ವಿಕ್ಟೋರಿಯಾ ಕ್ರಾಸ್ ಪಡೆದ. ಅವರ ಕೆಚ್ಚನ್ನು ನಾನು ಅಲ್ಲಗಳೆಯಲಾರೆ; ಆ ಸ್ಫೋಟದಲ್ಲಿ ಬೀದಿಯಲ್ಲಿದ್ದ ದಿಲ್ಲಿಯ ಜನ ರಾಶಿರಾಶಿಯಾಗಿ ಸತ್ತದ್ದನ್ನು ಮರೆಯಲೂ ಆರೆ. ಆ ಮದ್ದಿನ ಮನೆಯ ಬಾಗಿಲು ಕಾಶ್ಮೀರಿ ಗೇಟಿನ ಬಳಿ ಇಂದಿಗೂ ನಿಂತಿದೆ. ಒಂಬತ್ತು ಮಂದಿಯನ್ನು ಹೊಗಳುವ ಹಳೆಯ ಶಿಲಾಫಲಕದ ಕೆಳಗೆ ಸ್ವತಂತ್ರ ಭಾರತ ಇನ್ನೊಂದು ಫಲಕ ಇಟ್ಟಿದೆ: ಮೇಲೆ ಬಂಡಾಯಗಾರರೆಂದು ಕರೆಸಿಕೊಂಡವರು ಪರಕೀಯ ಆಡಳಿತ ಕಿತ್ತೊಗೆಯಲು ಹೊರಟ ಭಾರತೀಯ ಸೈನಿಕರು ಎಂಬ ತಿದ್ದುಪಡಿ ಅದರಲ್ಲಿದೆ.

1881ರಲ್ಲಿ ಪಲ್ಟನ್ನುಗಳ ಸಾರ್ಜೆಂಟ್ ಮೇಜರ್‌ಗಳಿಗೂ ವಾರಂಟು ಬಂತು. 1915ರಲ್ಲಿ, ಮಹಾಯುದ್ಧದ ನಡುವೆ, ಪಲ್ಟನ್ನಿನ ತುಕಡಿಗಳಾದ ‘ಕಂಪನಿ’ಗಳ ಸಾರ್ಜೆಂಟ್ ಮೇಜರ್‌ಗಳನ್ನು ಎರಡನೇ ದರ್ಜೆಯ ವಾರಂಟ್ ಅಧಿಕಾರಿಗಳನ್ನಾಗಿ ಸೇರಿಸಿಕೊಂಡರು. ಅಲ್ಲಿಂದ ಇಂದಿನವರೆಗೂ ಪಲ್ಟನ್ನಿನ ಬೆನ್ನೆಲುಬು ಇವರೇ. ರೆಜಿಮೆಂಟಲ್ ಸಾರ್ಜೆಂಟ್ ಮೇಜರ್‌ಗೆ ಕೆಳಗಿನವರೆಲ್ಲ ‘ಸರ್’ ಎನ್ನಬೇಕು. ಸಲ್ಯೂಟ್ ಮಾತ್ರ ಹೊಡೆಯುವ ಹಾಗಿಲ್ಲ, ಅದು ಸನ್ನದಿಗೆ ಮೀಸಲು. ಅವನೋ, ನಿನ್ನೆ ಮೊನ್ನೆ ಬಂದ ಇಪ್ಪತ್ತರ ಹರೆಯದ ಲೆಫ್ಟಿನೆಂಟನಿಗೂ ‘ಸರ್’ ಎನ್ನಬೇಕು. ಇಪ್ಪತ್ತು ವರ್ಷ ಪಲ್ಟನ್ನಿನ ಉಪ್ಪು ತಿಂದವನು ಆ ಹುಡುಗನಿಗೆ ಮರ್ಯಾದೆ ಕೊಡುತ್ತಲೇ ಅವನನ್ನು ತಿದ್ದುತ್ತಾನೆ.

ಕಂಪನಿ ಸಾರ್ಜೆಂಟ್ ಮೇಜರನ ಕೆಲಸ ಯುದ್ಧದಲ್ಲಿ ಮದ್ದುಗುಂಡು ಒದಗಿಸುವುದು, ಸೆರೆಸಿಕ್ಕವರನ್ನು ನೋಡಿಕೊಳ್ಳುವುದು. 1944ರ ಜೂನ್ 6ರಂದು ನಾರ್ಮಂಡಿಯ ದಡದಲ್ಲಿ ಗ್ರೀನ್ ಹೊವರ್ಡ್ಸ್ ಪಲ್ಟನ್ನಿನ ಸ್ಟಾನ್ಲಿ ಹಾಲಿಸ್ ಅಷ್ಟಕ್ಕೆ ನಿಲ್ಲಲಿಲ್ಲ. ಮುಂದೆ ಸಾಗಿದ ಕಂಪನಿ ಬದಿಗೆ ಬಿಟ್ಟುಹೋಗಿದ್ದ ಕಾಂಕ್ರೀಟಿನ ತೋಪುಗೂಡುಗಳನ್ನು ಕಂಡು, ಗುಂಡಿನ ಸುರಿಮಳೆಯಲ್ಲಿ ಒಬ್ಬನೇ ನುಗ್ಗಿ, ಒಳಗಿದ್ದವರನ್ನು ಸೆರೆಹಿಡಿದ. ಅದೇ ದಿನ ಕ್ರೆಪೋಂ ಹಳ್ಳಿಯ ತೋಟವೊಂದರಲ್ಲಿ ಅವನ ಕಂಪನಿಯ ಇಬ್ಬರು ಹುಡುಗರು ಶತ್ರುವಿನ ತೋಪಿನೆದುರು ಸಿಕ್ಕಿಬಿದ್ದರು. ಅವರನ್ನು ಅಲ್ಲಿಗೆ ಕರೆದೊಯ್ದವನು ತಾನೇ ಎಂದು ಹೇಳಿ ಮರಳಿ ಹೋದ, ಬಯಲಿನಲ್ಲಿ ನಿಂತು ಗುಂಡನ್ನು ತನ್ನ ಕಡೆ ಸೆಳೆದುಕೊಂಡು ಅವರನ್ನು ಪಾರುಮಾಡಿದ. ಆ ದಿನದ ಹೋರಾಟಕ್ಕೆ ಸಿಕ್ಕ ಏಕೈಕ ವಿಕ್ಟೋರಿಯಾ ಕ್ರಾಸ್ ಅವನದು.

1918ರ ಏಪ್ರಿಲ್ 1ರಂದು ಹುಟ್ಟಿದ ರಾಯಲ್ ಏರ್ ಫೋರ್ಸ್ ಭೂಸೇನೆಯಿಂದಲೇ ಈ ಹುದ್ದೆಯನ್ನು ಎತ್ತಿಕೊಂಡಿತು. 1932ರಲ್ಲಿ ಸ್ಥಾಪನೆಯಾದ ನಮ್ಮ ವಾಯುಪಡೆಗೂ ಅದೇ ಪರಂಪರೆ ಹರಿದು ಬಂತು. ಬೆಳಗಾವಿಯ ಸಾಂಬ್ರಾದಲ್ಲಿ, ಬೆಂಗಳೂರಿನ ಜಾಲಹಳ್ಳಿಯಲ್ಲಿ ತರಬೇತಿ ಮುಗಿಸಿ ಹೊರಡುವ ಹುಡುಗರು ದಶಕಗಳ ದುಡಿಮೆಯ ಬಳಿಕ ಮುಟ್ಟುವ ಮೆಟ್ಟಿಲುಗಳು ಜೂನಿಯರ್ ವಾರಂಟ್ ಆಫೀಸರ್, ವಾರಂಟ್ ಆಫೀಸರ್, ಮಾಸ್ಟರ್ ವಾರಂಟ್ ಆಫೀಸರ್. ನಮ್ಮ ಊರುಗಳ ಬೀದಿಗಳಲ್ಲಿ ನಿವೃತ್ತರ ಮನೆಯ ಗೇಟಿನ ಫಲಕದ ಮೇಲೆ ಆ ಹೆಸರನ್ನು ಓದಿದಾಗೆಲ್ಲ ನನಗೆ ಕೂವೆಮರ ಕಳಚಿದ ಆ ಹಡಗುಗಳ ನೆನಪಾಗುತ್ತದೆ.

ಜೇಮ್ಸ್ ಡೀನ್ಸ್‌ನ ನೆನಪೂ ಆಗುತ್ತದೆ. ‘ಡಿಕ್ಸಿ’ ಎಂದು ಎಲ್ಲರೂ ಕರೆಯುತ್ತಿದ್ದ ರಾಯಲ್ ಏರ್ ಫೋರ್ಸಿನ ಈ ವಿಮಾನ ಚಾಲಕ 1940ರಲ್ಲಿ ಸಾರ್ಜೆಂಟ್ ಆಗಿ ಜರ್ಮನರ ಕೈಗೆ ಸಿಕ್ಕಿದ. ಸೆರೆಯಲ್ಲಿದ್ದಾಗಲೇ ವಾರಂಟ್ ಅಧಿಕಾರಿಯಾದ. ಜರ್ಮನ್ ಭಾಷೆ ಬಲ್ಲವನು. ಶಿಬಿರದಿಂದ ಶಿಬಿರಕ್ಕೆ ಹೋದಂತೆಲ್ಲ ಕೈದಿಗಳೇ ಅವನನ್ನು ತಮ್ಮ ಮುಖಂಡನನ್ನಾಗಿ ಆರಿಸಿಕೊಂಡರು. ಸನ್ನದಿನ ಅಧಿಕಾರಿಗಳನ್ನು ಜರ್ಮನರು ಬೇರೆ ಶಿಬಿರಗಳಲ್ಲಿ ಇರಿಸಿದ್ದರಿಂದ ಸಾವಿರಾರು ಸಾರ್ಜೆಂಟರಿಗೆ ಇವನೇ ದಿಕ್ಕಾದ. 1945ರ ಏಪ್ರಿಲಿನಲ್ಲಿ ಫಾಲಿಂಗ್‌ಬಾಸ್ಟೆಲ್ ಶಿಬಿರವನ್ನು ಖಾಲಿ ಮಾಡಿಸಿ, ಹಸಿದ ಕೈದಿಗಳನ್ನು ಜರ್ಮನರು ಪೂರ್ವದ ಕಡೆಗೆ ಕಾಲ್ನಡೆಯಲ್ಲಿ ಅಟ್ಟಿದರು. ಡೀನ್ಸ್ ಒಂದು ಬೈಸಿಕಲ್ ಗಿಟ್ಟಿಸಿಕೊಂಡು ಮೈಲುಗಟ್ಟಲೆ ಚದುರಿದ್ದ ಸಾಲುಗಳ ಹಿಂದೆ ಮುಂದೆ ಓಡಾಡಿದ, ಯಾರು ಕುಸಿದಿದ್ದಾರೆ, ಯಾರಿಗೆ ಬ್ರೆಡ್ ತಲುಪಿಲ್ಲ ಎಂದು ನೋಡುತ್ತ. ಏಪ್ರಿಲ್ 19ರಂದು ಗ್ರೆಸೆ ಹಳ್ಳಿಯ ಬಳಿ, ಆಗಷ್ಟೇ ರೆಡ್ ಕ್ರಾಸ್ ಪೊಟ್ಟಣ ಪಡೆದು ದಾರಿ ಹಿಡಿದಿದ್ದ ಸಾಲಿನ ಮೇಲೆ, ಶತ್ರುಗಳೆಂದು ತಪ್ಪು ತಿಳಿದ ಬ್ರಿಟಿಷ್ ಟೈಫೂನ್ ವಿಮಾನಗಳೇ ಎರಗಿ ಗುಂಡು ಸುರಿಸಿದವು. ವರ್ಷಗಟ್ಟಲೆ ಸೆರೆ ಸವೆಸಿದ್ದ ಹತ್ತಾರು ಮಂದಿ ಬಿಡುಗಡೆಯ ಹೊಸ್ತಿಲಲ್ಲಿ ಸತ್ತರು.

ಡೀನ್ಸ್ ನೇರವಾಗಿ ಜರ್ಮನ್ ಕಮಾಂಡೆಂಟನ ಬಳಿ ಹೋಗಿ, ತನ್ನ ಜನ ಎಲ್ಲಿದ್ದಾರೆಂದು ಬ್ರಿಟಿಷ್ ಸೇನೆಗೆ ತಿಳಿಸಲು ಬಿಡಬೇಕೆಂದು ಪಟ್ಟು ಹಿಡಿದ. ಅನುಮತಿ ಸಿಕ್ಕಿತು. ಯುದ್ಧ ಇನ್ನೂ ನಡೆದಿದ್ದ ಆ ನೆಲದ ಮೇಲೆ ಸೈಕಲ್ ತುಳಿದು ತನ್ನವರ ಸೇನೆಯನ್ನು ಮುಟ್ಟಿದ. ಐದು ವರ್ಷಗಳಿಗೆ ಹತ್ತಿರವಾಗಿದ್ದ ಸೆರೆ ಅಲ್ಲಿಗೆ ಮುಗಿದಿತ್ತು. ಊಟ, ಹಾಸಿಗೆ, ಮನೆಯ ದಾರಿ ಎಲ್ಲ ಎದುರಿಗಿದ್ದವು. ಹೇಳಬೇಕಾದ್ದನ್ನು ಹೇಳಿ ಮುಗಿಸಿ, ಅವನು ಜರ್ಮನರ ಸಾಲು ದಾಟಿ ತನ್ನ ಜನರ ಬಳಿಗೆ ಹಿಂತಿರುಗಿದ.