ಜಾಮಿಯಾದ ಹುಡುಗರು ಕಟ್ಟಿದ ಬಜಾರು

ಕಾಲೇಜಿನ ನಾಟಕವೆಂದರೆ ಪಾಠ ತಪ್ಪಿಸಿಕೊಳ್ಳುವ ನೆಪವೆಂದು ತಿಳಿದವರು ನಮ್ಮಲ್ಲಿ ಇಂದಿಗೂ ಇದ್ದಾರೆ. ತಮ್ಮ ಮನೆಯಲ್ಲಿಯೂ ಅಂಥ ಹಿರಿಯರಿದ್ದರೆ ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಈ ಕಥೆಯನ್ನು ಅವರಿಗೆ ಹೇಳಿರಿ.

ಜಾಮಿಯಾ ಸ್ಥಾಪನೆಯಾದದ್ದು 1920ರಲ್ಲಿ, ಅಲಿಗಢದಲ್ಲಿ. ಖಿಲಾಫತ್ ಮತ್ತು ಅಸಹಕಾರ ಚಳವಳಿಗಳ ಕಾಲವದು. 1925ರಲ್ಲಿ ಸಂಸ್ಥೆ ದೆಹಲಿಗೆ ಬಂತು, ಮುಂದೆ ಓಖ್ಲಾ ಹಳ್ಳಿಯ ಬಳಿ ನೆಲೆಸಿತು. ಡಾ. ಜಾಕಿರ್ ಹುಸೇನ್, ಡಾ. ಆಬಿದ್ ಹುಸೇನ್, ಪ್ರೊ. ಮುಹಮ್ಮದ್ ಮುಜೀಬ್ ಈ ಮೂವರೂ ಜರ್ಮನಿಯಿಂದ ಮರಳಿ 1926ರಲ್ಲಿ ಅಲ್ಲಿಗೆ ಸೇರಿದರು. ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಪಡೆಯದೆ 20 ವರ್ಷ ದುಡಿಯುತ್ತೇವೆಂದು ಅಲ್ಲಿನ ಅಧ್ಯಾಪಕರು ಪ್ರತಿಜ್ಞೆ ಮಾಡಿದ್ದರು. ಇಂಥ ಕಷ್ಟದ ದಿನಗಳಲ್ಲೂ ನಾಟಕ ಅವರಿಗೆ ದುಂದು ಎನಿಸಲಿಲ್ಲ. ಆಬಿದ್ ಸಾಹೇಬರು 'ಪರ್ದಾ-ಎ-ಗಫ್ಲತ್' ಬರೆದರು. ಮುಜೀಬ್ ಸಾಹೇಬರು 'ಖೇತಿ', 'ಖಾನಾಜಂಗಿ' ಮೊದಲಾದ ನಾಟಕಗಳನ್ನು ಬರೆದರು. ಪಾಠ ಹೇಳುವವರೇ ನಾಟಕ ಬರೆಯುವ ಕಡೆ ಹುಡುಗರಿಗೆ ರಂಗದ ಭಯವೆಲ್ಲಿ?

1954ರಲ್ಲಿ ಹಬೀಬ್ ತನ್ವೀರ್ ಎಂಬ ಯುವಕ ದೆಹಲಿಗೆ ಬಂದರು. ಕವಿ ನಜೀರ್ ಅಕ್ಬರಾಬಾದಿಯವರ ನೆನಪಿಗಾಗಿ ಜಾಮಿಯಾದಲ್ಲಿ ಏನಾದರೂ ಆಡಿಸಬೇಕೆಂಬ ಕೋರಿಕೆ ಅವರಿಗೆ ಬಂತು. ನಜೀರ್ 1830ರಲ್ಲಿ ತೀರಿಕೊಂಡವರು, ಆಗ್ರಾದಲ್ಲಿ ಮಕ್ಕಳಿಗೆ ಪಾಠ ಹೇಳಿ ಬದುಕಿದವರು (ನಮ್ಮ ವೃತ್ತಿಬಾಂಧವರೇ!). ರೊಟ್ಟಿ, ಕಲ್ಲಂಗಡಿ, ಕರಡಿಮರಿ, ಈದ್, ಹೋಳಿ, ಯಾವುದರ ಮೇಲೂ ಪದ್ಯ ಕಟ್ಟಿದರು. ಅವರ ಪದ್ಯಗಳು ಸಂತೆಯವರ ನಾಲಗೆಯ ಮೇಲಿವೆ, ಆದ್ದರಿಂದ ಅವರನ್ನು ಕವಿಗಳ ಸಾಲಿನಲ್ಲಿ ಎಣಿಸಲಾಗದು ಎಂಬರ್ಥದ ತೀರ್ಪನ್ನು ಶೇಫ್ತಾ ಅವರಂಥ ವಿದ್ವಾಂಸರೇ ಕೊಟ್ಟುಬಿಟ್ಟಿದ್ದರು.

ತನ್ವೀರ್ ಆ ತೀರ್ಪನ್ನೇ ನಾಟಕದ ವಸ್ತುವಾಗಿಸಿಕೊಂಡರು. 'ಆಗ್ರಾ ಬಜಾರ್'ನಲ್ಲಿ ವ್ಯಾಪಾರ ಬಿದ್ದುಹೋಗಿದೆ. ಸೌತೆಕಾಯಿ ಮಾರುವವನೊಬ್ಬ ತನ್ನ ಕಾಯಿಯ ಮೇಲೆ ಒಂದು ಪದ್ಯ ಬರೆದುಕೊಡಿರೆಂದು ಕವಿಗಳ ಬೆನ್ನು ಬೀಳುತ್ತಾನೆ. ಪುಸ್ತಕದಂಗಡಿಯಲ್ಲಿ ಕುಳಿತ ಪಂಡಿತರು ಮೂಗು ಮುರಿಯುತ್ತಾರೆ. ಕೊನೆಗೆ ಬರೆದುಕೊಟ್ಟವರು ನಜೀರ್. ಸೌತೆಕಾಯಿ ಮಾರಾಟವಾಗುತ್ತದೆ. ಸ್ವಾರಸ್ಯವೆಂದರೆ, ನಾಟಕದುದ್ದಕ್ಕೂ ನಜೀರ್ ರಂಗಕ್ಕೆ ಬರುವುದೇ ಇಲ್ಲ. ಬರುವುದು ಅವರ ಪದ್ಯಗಳು ಮಾತ್ರ.

ಬಜಾರೆಂದ ಮೇಲೆ ಜನಜಂಗುಳಿ ಬೇಕಲ್ಲವೇ? ಜಾಮಿಯಾದ ವಿದ್ಯಾರ್ಥಿಗಳು, ಅಧ್ಯಾಪಕರು ಪಾತ್ರ ಹಾಕಿದರು. ಅಷ್ಟಕ್ಕೇ ನಿಲ್ಲದೆ ಓಖ್ಲಾ ಹಳ್ಳಿಯವರೂ ರಂಗವೇರಿದರು. ಕಾಲೇಜಿನ ಹುಡುಗರು ಮತ್ತು ಕಾಲೇಜಿನ ಮೆಟ್ಟಿಲು ಹತ್ತದವರು ಒಂದೇ ಸಂತೆಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತದ್ದು ನನ್ನ ಮಟ್ಟಿಗೆ ನಾಟಕದಷ್ಟೇ ದೊಡ್ಡ ಸಂಗತಿ. ನಮ್ಮ ಶಾಲೆಗಳಿಗೆ ಬರುವ ಎಷ್ಟೋ ಮಕ್ಕಳ ತಂದೆಯರು ಸಂತೆಯಲ್ಲಿ ಹಣ್ಣು, ಬಟ್ಟೆ ಮಾರುವವರು. ಮನೆಯ ಮಾತನ್ನು ತರಗತಿಯಲ್ಲಿ ಆಡಲು ಆ ಮಕ್ಕಳು ನಾಚುತ್ತಾರೆ. ಅವರ ಕೈಗೆ ನಜೀರರ ಪದ್ಯ ಕೊಟ್ಟು ನೋಡಿ, ಅರ್ಥ ಹೇಳುವ ಮೊದಲೇ ನಗಲು ತೊಡಗುತ್ತಾರೆ.

ಮರುವರ್ಷ ತನ್ವೀರ್ ರಂಗಶಿಕ್ಷಣಕ್ಕಾಗಿ ಇಂಗ್ಲೆಂಡಿಗೆ ಹೋದರು. ಮರಳಿ ಬಂದು 1959ರಲ್ಲಿ 'ನಯಾ ಥಿಯೇಟರ್' ಸ್ಥಾಪಿಸಿದರು. ಛತ್ತೀಸ್‌ಗಢದ ಹಳ್ಳಿಯ ಕಲಾವಿದರು ಅದೇ 'ಆಗ್ರಾ ಬಜಾರ್' ಅನ್ನು ಮುಂದೆ ಊರೂರಿಗೆ ಒಯ್ದರು. 2009ರಲ್ಲಿ ತನ್ವೀರ್ ತೀರಿಕೊಂಡಾಗ ಅವರ ಹೆಸರಿನೊಡನೆ ಜನ ನೆನೆದ ನಾಟಕಗಳಲ್ಲಿ ಜಾಮಿಯಾದ ಹುಡುಗರು ಮೊದಲು ಆಡಿದ ಈ ನಾಟಕವೂ ಇತ್ತು.